ಎಂಎಂ 540 ಹೈವೇದಾಗ ಹೀಟ್ ಆಗಾಕತ್ತೈತಿ, ಊರಾಗ ಏನೂ ಇಲ್ಲ. ಹೆಡ್ ಬಿಚ್ಚಿಸ್ಲ್ಯಾ?

ಮುಂಡರಗಿ_ಜೀಪ್
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಪ್ಪಾರ ಕಾಲದ ಮಹೀಂದ್ರಾ ಎಂಎಂ 540 ಜೀಪ್ ಐತ್ರಿ, ಡೀಸೆಲ್, ಫೋರ್ ಬೈ ಫೋರ್, ಹೊಲಕ್ಕ ಹೋಗಾಕ ಬರಾಕ ಇಟ್ಕೊಂಡೀವಿ. ಊರಾಗ ಅಡ್ಡಾಡಿದ್ರ ಏನೂ ತಕರಾರಿಲ್ಲ, ಚಾಲೂ ಇಟ್ಟು ನಿಲ್ಲಿಸಿದ್ರೂ ಟೆಂಪರೇಚರ್ ಮುಳ್ಳು ನಡು ಬಿಟ್ಟು ಏರಂಗಿಲ್ಲ, ಆದ್ರ ಗದಗ ರೋಡಿಗೆ ಬಿದ್ದು 60ರ ಮ್ಯಾಲ ಸ್ವಲ್ಪ ಹೊತ್ತು ಓಡಿಸಿದ್ರ ಸಾಕು ಮುಳ್ಳು ಏರಾಕ ಹತ್ತತೈತಿ, ಕಪ್ಪತಗುಡ್ಡದ ಕಡೆ ಏರು ಸಿಕ್ರಂತೂ ಕೆಂಪಿಗೇ ಮುಟ್ಟತೈತಿ. ವಾಟರ್ ಪಂಪ್ ಹೊಸಾದು ಹಾಕ್ಸೇನಿ, ಬೆಲ್ಟೂ ಹೊಸಾದು, ಫರಕ್ ಏನೂ ಬೀಳಲಿಲ್ಲ. ಈಗ ಒಬ್ಬ ಮೇಸ್ತ್ರಿ ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆದ ಮ್ಯಾಲ ರೇಡಿಯೇಟರಿಗೆ ನೀರು ಬಿಡೋ ವಾಲ್ವ್) ತೆಗಿ ಅಂತಾನ, ಇನ್ನೊಬ್ಬ ಹೆಡ್ (ಇಂಜಿನ್ನಿನ ಮ್ಯಾಲಿನ ಭಾಗ) ಕೆಳಗಿನ ಗ್ಯಾಸ್ಕೆಟ್ ಹೋಗೈತಿ, ಹೆಡ್ ಬಿಚ್ಚೂಣು ಅಂತಾನ. ಸುಗ್ಗಿ ಬಂತು, ಗಾಡಿ ಗ್ಯಾರೇಜಿನಾಗ ಬಿಡಾಕ ಆಗಂಗಿಲ್ಲ. ಏನ್ ಮಾಡ್ಲಿ ಹೇಳ್ರಿ.

ಡೀಸೆಲ್_ಕಾಕಾ_ಹುಬ್ಬಳ್ಳಿ
ತಮ್ಮಾ, ಹೆಡ್ ಮುಟ್ಟಬ್ಯಾಡ ಈಗ. ಗಾಡಿ ಯಾವಾಗ ಹೀಟ್ ಆಗತೈತಿ ಅನ್ನೋದ್ರಾಗ ಅರ್ಧ ಉತ್ತರ ಐತಿ, ಅದನ್ನ ನೀನ ಬರದೀ. ನಿಂತಾಗ ಹೀಟ್ ಆಗಿ ಓಡುವಾಗ ತಣ್ಣಗಾದ್ರ ಗಾಳಿ ಸಾಲ್ತಿಲ್ಲ ಅಂತ ಅರ್ಥ, ಆಗ ಫ್ಯಾನು, ಬೆಲ್ಟು, ಫ್ಯಾನಿನ ಸುತ್ತಿನ ಶ್ರೌಡು ನೋಡಬೇಕು (ಹಳೇ ಜೀಪಿನಾಗ ಶ್ರೌಡ್ ಬಿಚ್ಚಿ ಅಟ್ಟದ ಮ್ಯಾಲ ಒಗದಿರ್ತಾರ, ಯಾಕಂತ ದೇವರಿಗೇ ಗೊತ್ತು). ನಿಂದು ಉಲ್ಟಾ ಐತಿ. ನಿಂತಾಗ ಆರಾಮ, ಲೋಡ್ ಬಿದ್ದಾಗ ಹೀಟ್. ಅಂದ್ರ ನೀರು ಸರಿಯಾಗಿ ತಿರುಗವಲ್ದು, ಇಲ್ಲಾ ರೇಡಿಯೇಟರ್ ಬಿಸಿ ಹೊರಗ ಹಾಕವಲ್ದು.

ಇದರಾಗ ಇರೂದು ಪ್ಯೂಜೋ ಎಕ್ಸ್‌ಡಿಪಿ 4.90 ಇಂಜಿನ್, ನಾಕ್ ಸಿಲಿಂಡರ್, 2112 ಸಿಸಿ. ಭಾಳ ಪವರ್ ತೆಗಿಯೋ ಇಂಜಿನ್ ಅಲ್ಲ, ರೇಡಿಯೇಟರ್ ಚೊಲೋ ಇದ್ರ ಗುಡ್ಡಕ್ಕೂ ಅಂಜಂಗಿಲ್ಲ. ನೀ ಹಿಂಗ ಮಾಡು. ಮುಂಜಾನೆ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗದು ಚಾಲೂ ಮಾಡು, ನೀರಿನಾಗ ಬುಳುಬುಳು ಗುಳ್ಳಿ ನಿಲ್ಲದಂಗ ಬರ್ತಿದ್ರ ಗ್ಯಾಸ್ಕೆಟ್ ಮ್ಯಾಲ ಅನುಮಾನ ಪಡು. ಮೊದಲಿಗೆ ಒಂದೆರಡು ಗುಳ್ಳಿ ಬಂದು ನಿಂತ್ರ ಒಳಗಿದ್ದ ಗಾಳಿ ಅಷ್ಟ. ಆಮ್ಯಾಲ ಕ್ಯಾಪ್ ಹಾಕಿ ಓಡಿಸ್ಕೊಂಡ್ ಬಾ, ಬಿಸಿ ಆಗಲಿ, ಇಂಜಿನ್ ಬಂದ್ ಮಾಡಿ ಫ್ಯಾನ್ ನಿಂತ ಮ್ಯಾಲ ರೇಡಿಯೇಟರಿನ ಜಾಲಿ ಮ್ಯಾಲ ಕೈ ಆಡಿಸು. ಮ್ಯಾಲಿಂದ ಕೆಳಗ ಬಿಸಿ ನಿಧಾನಕ್ಕ ಇಳಕೋತ ಹೋದ್ರ ಸರಿ, ಒಂದು ಕಡೆ ಸುಡೂದು ಬಾಜೂಕ ತಣ್ಣಗ ಇರೂದು ಆದ್ರ ಅಲ್ಲಿನ ನೀರಿನ ಟ್ಯೂಬ್ ಕಟ್ಟ್ಯಾವು. ಆವಾಗ ಕ್ಯಾಪ್ ಮಾತ್ರ ತೆಗೀಬ್ಯಾಡ, ಮಾರಿ ಸುಟ್ಕೊಂಡವರನ್ನ ನೋಡೇನಿ. ಕೆಳಗಿನ ಹೋಸ್ ಪೈಪ್ ಮ್ಯಾಲೂ ಕಣ್ಣಿಡು, ಯಾರಿಗರೆ ರೇಸ್ ಕೊಡಾಕ ಹೇಳಿ ನೋಡು.

ಹಾವೇರಿ_ಟ್ರಾಲಿ
ಥರ್ಮೋಸ್ಟಾಟ್ ತೆಗದ್ ಒಗೀರಿ ಸರ, ನಮ್ಮ ಬಿಸಲಿಗೆ ಅದು ಯಾಕ ಬೇಕು. ನಮ್ಮ ಕಡೆ ಎಲ್ಲಾ ಗಾಡೀದೂ ತೆಗಸ್ತೀವಿ.

ಸಾಧನಕೇರಿ_4×4
ಎಲ್ಲಾರೂ ತೆಗಸ್ತಾರ ಖರೆ, ಆದ್ರ ಅದು ರೋಗಕ್ಕ ಔಷಧ ಅಲ್ರಿ. ಕೆಲವು ಇಂಜಿನ್‌ನ್ಯಾಗ ಥರ್ಮೋಸ್ಟಾಟ್ ತೆರದಾಗ ಅದರ ಇನ್ನೊಂದು ಬಾಜೂ ಬೈಪಾಸ್ (ರೇಡಿಯೇಟರ್ ಬಿಟ್ಟು ನೀರು ಹೋಗೋ ಅಡ್ಡದಾರಿ) ಮುಚ್ತದ. ಅದನ್ನ ತೆಗದ್ರ ಬೈಪಾಸ್ ತೆರದೇ ಉಳೀತದ, ಬಿಸಿ ನೀರು ರೇಡಿಯೇಟರಿಗೆ ಹೋಗದ ಹಂಗ ವಾಪಸ್ ಇಂಜಿನ್ನಿಗೇ ಬರ್ತದ, ಲೋಡಿನಾಗ ಇನ್ನೂ ಜಾಸ್ತಿ ಹೀಟ್. ಬೈಪಾಸ್ ಇಲ್ಲದ ಇಂಜಿನ್ ಆದ್ರೂ ಥಂಡಿ ದಿನ ಡೀಸೆಲ್ ಸರಿಯಾಗಿ ಉರಿಯೂದಿಲ್ಲ, ಹೊಗಿ ಬರ್ತದ, ಎಣ್ಣಿ ಕೆಡ್ತದ. ಅನುಮಾನ ಇದ್ರ ಬಿಚ್ಚಿ ಪಾತೇಲಿ ನೀರಿನಾಗ ಇಳಬಿಟ್ಟು ಕಾಯಸ್ರಿ, ಅದರ ಮ್ಯಾಲ 82 ಅಂತ ಹೊಡದಿದ್ರ ನೀರು 82 ಡಿಗ್ರಿ ಆದಾಗ ಬಾಯಿ ಬಿಡಾಕ ಚಾಲೂ ಮಾಡಬೇಕು, ನೀರು ಕುದಿಯೂದ್ರೊಳಗ ಪೂರಾ ತೆರೀಬೇಕು. ತೆರೀಲಿಲ್ಲಂದ್ರ ಹೊಸಾದು ಹಾಕ್ರಿ, ಭಾಳ ತುಟ್ಟಿ ಸಾಮಾನಲ್ಲ.

ಮುಂಡರಗಿಯವರ, ಇನ್ನೊಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಹೊಲದಿಂದ ಬಂದು ಡಾಂಬರ್ ರೋಡಿಗೆ ಬಿದ್ದಾಗ ಫೋರ್ ವೀಲ್ ಲಿವರ್ ವಾಪಸ್ ಟೂ ವೀಲಿಗೆ ಹಾಕ್ತೀರಿಲ್ಲೋ? ಈ ಗಾಡಿಗೆ ಮುಂದಿನ ಹಿಂದಿನ ಚಕ್ರ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೋ ನಡುವಿನ ಡಿಫರೆನ್ಷಿಯಲ್ ಇಲ್ಲ, ಗಟ್ಟಿ ರೋಡಿನಾಗ ಮುಂದಿನ ಹಿಂದಿನ ಚಕ್ರ ಒಂದಕ್ಕೊಂದು ಜಗ್ಗಾಡಿ ಇಂಜಿನ್ ಮ್ಯಾಲ ಸುಮ್ಮನ ಭಾರ ಬೀಳ್ತದ. ಹಂಗ ರೋಡಿನಾಗ ನಿಲ್ಲಿಸಿ ನಾಕೂ ಬ್ರೇಕ್ ಡ್ರಮ್ಮಿಗೆ ಕೈ ಹಚ್ಚಿ ನೋಡ್ರಿ, ಒಂದು ಮಾತ್ರ ಸುಡ್ತಿದ್ರ ಬ್ರೇಕ್ ಹಿಡಕೊಂಡದ. ಜಾಲಿ ಹೊರಗಿನಿಂದ ಎರಿ ಮಣ್ಣು, ಹೊಟ್ಟು ಕೂತಿದ್ರ ಇಂಜಿನ್ ಕಡಿಯಿಂದ ಮುಂದಕ್ಕ ನೀರು ಹೊಡೀರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತರ ಹಿಡಿಬ್ಯಾಡ್ರಿ, ಜಾಲಿಯ ತೆಳು ಪಟ್ಟಿ (ಫಿನ್) ಎಲ್ಲಾ ಮಕ್ಕೊಂಡ ಬಿಡ್ತಾವ.

ಮುಂಡರಗಿ_ಜೀಪ್
ಎಲ್ಲಾ ನೋಡಿದ್ನಿರಿ. ಲಿವರ್ ಟೂ ವೀಲ್‌ನ್ಯಾಗ ಇರತೈತಿ, ಡ್ರಮ್ ನಾಕೂ ಒಂದ ಸಮ ಅದಾವು. ಗುಳ್ಳಿ ಬರಲಿಲ್ಲ, ನೀರು ಕೂಡಿ ಎಣ್ಣಿನೂ ಹಾಲಿನಂಗ ಆಗಿಲ್ಲ. ಥರ್ಮೋಸ್ಟಾಟ್ ಕುದಿಸಿ ನೋಡೇನಿ, ತೆರೀತೈತಿ. ಜಾಲಿ ಮಾತ್ರ ಕಾಕಾ ಹೇಳಿದಂಗ ಬಲಗಡೆ ಕೆಳಗ ತಣ್ಣಗ ಹತ್ತೇತಿ, ಮ್ಯಾಲ ಸುಡತೈತಿ. ಮತ್ತ ರೇಸ್ ಕೊಟ್ಟಾಗ ಕೆಳಗಿನ ಹೋಸ್ ಚಪ್ಪಟಿ ಆಗತೈತ್ರಿ, ಬಿಟ್ರ ಮತ್ತ ಉಬ್ಬತೈತಿ. ಹೋಸ್ ಒಂದ ಬದಲಿ ಮಾಡಿದ್ರ ಸಾಕೇನು? ನೀರು ಮೊದಲಿಂದ್ಲೂ ಬೋರ್‌ವೆಲ್ಲಿಂದ ಹಾಕೂದು, ಕ್ಯಾಪ್ ತೆಗದ್ರ ಒಳಗ ಬೆಳ್ಳಗ ಕೆಂಪಗ ಪಾಚಿ ಹಿಡದಂಗ ಕಾಣತೈತಿ.

ಡೀಸೆಲ್_ಕಾಕಾ_ಹುಬ್ಬಳ್ಳಿ
ಸಿಕ್ತಲ್ಲೋ ಕಳ್ಳ. ನಮ್ಮ ಕಡೆ ಬೋರಿನ ನೀರು ಸವಳು, ಚಹಾದ ಪಾತೇಲಿಗೆ ಕಿಟ್ಟ ಹಿಡದಂಗ ಟ್ಯೂಬಿಗೂ ಹಿಡೀತೈತಿ, ಅರ್ಧ ಟ್ಯೂಬ್ ಬಂದ್ ಆಗಿರತಾವು. ಊರಾಗ ಉಳದರ್ಧ ಸಾಕಾಗತೈತಿ, ಲೋಡಿಗೆ ಸಾಲಂಗಿಲ್ಲ.

ಹೋಸ್ ಒಂದ ಬದಲಿ ಮಾಡಿದ್ರ ಸಾಕಾಗಂಗಿಲ್ಲ. ಕೆಳಗಿನ ಹೋಸ್ ಪಂಪ್ ನೀರು ಜಗ್ಗೋ ಬಾಜೂದು, ರೇಡಿಯೇಟರ್ ಕಟ್ಟಿದ್ರ ಪಂಪ್ ಜಗ್ಗತೈತಿ ನೀರು ಬರಂಗಿಲ್ಲ, ಹೋಸ್ ಒಳಗ ಹೀರಕೊಂಡು ಚಪ್ಪಟಿ ಆಗತೈತಿ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡದು ಹೋಗಿರಬಹುದು, ಅದನ್ನೂ ನೋಡು, ಸ್ಪ್ರಿಂಗ್ ಇರೋ ಹೋಸನ್ನ ಹಾಕು. (ಬಂದ್ ಮಾಡಿ ತಣ್ಣಗಾದ ಮ್ಯಾಲ ಚಪ್ಪಟಿ ಆಗಿದ್ರ ಕ್ಯಾಪಿನ ವಾಲ್ವ್ ದೋಷ, ಅದು ಬ್ಯಾರೆ ಮಾತು.)

ರೇಡಿಯೇಟರ್ ಬಿಚ್ಚಿ ಹಿತ್ತಾಳಿ ರೇಡಿಯೇಟರ್ ಕೆಲಸ ಮಾಡೋರ ಕಡೆ ಒಯ್ಯಿ, ಮ್ಯಾಲಿನ ಕೆಳಗಿನ ಟ್ಯಾಂಕ್ ಬಿಚ್ಚಿ ಟ್ಯೂಬಿನಾಗ ಸಳಿ ಹಾಕಿ ರಾಡಿಂಗ್ ಮಾಡಸು. ಟ್ಯೂಬ್ ಸವದು ತೆಳ್ಳಗಾಗಿದ್ರ ಅವರ ಹೇಳ್ತಾರ, ಆಗ ಕೋರ್ ಬದಲಿ ಮಾಡೂದು ಬಿಟ್ರ ಬ್ಯಾರೆ ದಾರಿ ಇಲ್ಲ. ರೇಡಿಯೇಟರ್ ಹೊರಗ ಇದ್ದಾಗ್ಲೇ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ ಇಂಜಿನ್ ಒಳಗಿನ ಹೊಲಸೂ ತೊಳೀರಿ, ಇಲ್ಲಾಂದ್ರ ಆ ಕಿಟ್ಟ ಎಲ್ಲಾ ಹೊಸದಾಗಿ ತೊಳದ ಟ್ಯೂಬಿಗೇ ಬಂದು ಕೂಡತೈತಿ.

ವಾಪಸ್ ಕೂಡಿಸಿದ ಮ್ಯಾಲ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ಅರ್ಧ. ಕ್ಯಾಪೂ ಹೊಸಾದು ತಗೋ, ಹಳೇದರ ಮ್ಯಾಲ ಎಷ್ಟು ಪ್ರೆಶರ್ ಬರದೈತಿ ನೋಡಿ ಅಷ್ಟರದ್ದ. 0.9 ಬಾರ್ ಕ್ಯಾಪ್ ಪ್ರೆಶರ್ ಹಿಡದ್ರ ಬರೇ ನೀರೂ ಸುಮಾರು 118 ಡಿಗ್ರಿ ತನಕ ಕುದಿಯಂಗಿಲ್ಲ, ವಾಷರ್ ಹರದ ಕ್ಯಾಪ್ ಆದ್ರ 100ಕ್ಕ ಕುದ್ದು ಉಕ್ಕತೈತಿ. ಗಾಳಿ ಒಳಗ ಉಳೀದಂಗ ಕ್ಯಾಪ್ ತೆಗದಿಟ್ಟು ನಿಧಾನಕ್ಕ ತುಂಬು, ಚಾಲೂ ಮಾಡಿ ನೀರು ಇಳದಂಗ ಮತ್ತ ಹಾಕು.

ಸಾಧನಕೇರಿ_4×4
ಅಲ್ಲೀತನಕ ಗುಡ್ಡದ ಕಡೆ ಒಯ್ಯಬ್ಯಾಡ್ರಿ. ಕೆಂಪಿಗೆ ಹೋದ ಗಾಡಿ ಹಂಗ ಓಡಿಸಿದ್ರ ಹೆಡ್ ಡೊಂಕಾಗ್ತದ, ಆಮ್ಯಾಲ ಆ ಎರಡನೇ ಮೇಸ್ತ್ರಿ ಹೇಳಿದ್ದ ಖರೆ ಆಗ್ತದ.

ಮುಂಡರಗಿ_ಜೀಪ್
ಆತ್ರಿ. ನಾಳಿಗೆ ರೇಡಿಯೇಟರ್ ಬಿಚ್ಚಿ ಗದಗಕ್ಕ ಒಯ್ತೀನಿ, ಬಸ್ಸಿನಾಗ.