ಬೈಕಿಗೆ ಪಿಕಪ್ಪೇ ಇಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ 125 ಸಿಸಿ ಗಾಡಿ, ನನ್ ಮೊದಲ್ನೇ ಬೈಕು. ಎಷ್ಟ್ ರೈಸ್ ಮಾಡಿದ್ರೂ 50 ದಾಟಲ್ಲ, ಇಂಜಿನ್ ಮಾತ್ರ ಸುಮ್ನೆ ಅರಚತ್ತೆ, ನಂದಿ ಬೆಟ್ಟ ಹತ್ತುವಾಗ ಹಿಂದೆ ಕೂತಿದ್ದ ತಮ್ಮನ್ನ ಇಳಿಸಿ ನಡೆಸ್ಬೇಕಾಯ್ತು, ಮಾನ ಹೋಯ್ತು.

ಉತ್ತರ 1: ಇಂಜಿನ್ ಕೂಗಿ ಗಾಡಿ ಓಡ್ತಿಲ್ಲ ಅಂದ್ರೆ ಕ್ಲಚ್ ಸ್ಲಿಪ್ ಇರ್ಬೇಕು ಗುರು, ಅಂದ್ರೆ ಕ್ಲಚ್ ಜಾರಿ ಇಂಜಿನ್ ಶಕ್ತಿ ಚಕ್ರಕ್ಕೆ ಪೂರ್ತಿ ಹೋಗ್ತಿಲ್ಲ. ಕ್ಲಚ್ ಲಿವರ್ ತುದೀಲಿ 10-20 ಎಂಎಂ ಪ್ಲೇ, ಅಂದ್ರೆ ಕೇಬಲ್ ಎಳೆಯೋಕ್ ಮುಂಚೆ ಸಡಿಲವಾಗಿ ಆಡೋ ಜಾಗ, ಇದ್ಯಾ ನೋಡು, ಕೇಬಲ್ ಬಿಗಿಯಾಗಿದ್ರೆ ಕ್ಲಚ್ ಪ್ಲೇಟ್ ಪೂರ್ತಿ ಕಚ್ಚಲ್ಲ. ಕಾರಿನ ಇಂಜಿನ್ ಆಯಿಲ್ ಹಾಕಿಸಿಲ್ಲ ತಾನೇ? ಅದ್ರಿಂದಲೂ ಕ್ಲಚ್ ಜಾರಬಹುದು. ಡಬ್ಬಿ ಮೇಲೆ ಜಾಸೋ ಎಂಎ (JASO MA, ಬೈಕ್ ಆಯಿಲ್ ಗುರುತು) ಅಂತ ಇರ್ಬೇಕು.

ಉತ್ತರ 2: ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರನೂ ಕೈಯಲ್ಲಿ ತಿರುಗ್ಸಪ್ಪ, ಬ್ರೇಕ್ ಹಿಡ್ಕೊಂಡಿರಬಹುದು. ಏರ್ ಫಿಲ್ಟರ್ ಬಿಚ್ಚು, ನಮ್ ಗಾಡೀಲಿ ಇಲಿ ಗೂಡು ಕಟ್ಟಿತ್ತು!

ಕೇಳಿದವ: ಪ್ಲೇ ಸೊನ್ನೆ ಇತ್ತು, ಸಡಿಲ ಮಾಡ್ದೆ, ಈಗ 70 ಹೋಗ್ತಿದೆ.