ಅಪ್‌ಡೇಟ್: ವೀನಸ್ ಫ್ಲೈಟ್ರ್ಯಾಪ್‌ಗೆ ಹಿಡಿದಿದ್ದ ಬೂದು ಬೂಷ್ಟು
ಮಳೆಗಾಲದಲ್ಲಿ ನಮ್ಮ ಫ್ಲೈಟ್ರ್ಯಾಪ್ (ಹುಳ ಹಿಡಿದು ತಿನ್ನೋ ಗಿಡ) ಬುಡಕ್ಕೆ ಬೂದು ಬೂಷ್ಟು ಬಂದಿದೆ ಏನ್ಮಾಡ್ಲಿ ಅಂತ ಕೇಳಿದ್ನಲ್ಲ, ಅದು ಬೊಟ್ರೈಟಿಸ್ ಅನ್ನೋ ಶಿಲೀಂಧ್ರ ಅಂತೆ, ಈಗ ನಿಂತಿದೆ, ನಡುವಿಂದ ಹೊಸ ಎಲೆನೂ ಬರ್ತಿದೆ. ಕೆಲ್ಸ ಮಾಡಿದ್ದು ಕಪ್ಪಾದ ಎಲೆಗಳನ್ನ ಬುಡದವರೆಗೂ ಕತ್ತರಿಸಿ, ಗಾಜಿನ ಜಾರ್‌ನಿಂದ ಆಚೆ ತೆಗ್ದು ಗಾಳಿ ಬಿಸಿಲಿಗಿಡಿ ಅಂದವರ ಸಲಹೆ, ಜೊತೆಗೆ ಮಳೆನೀರನ್ನ ಮೇಲಿಂದ ಸುರಿಯೋದು ಬಿಟ್ಟು ಕೆಳಗಿನ ತಟ್ಟೆಗೇ ಹಾಕ್ತಿದೀನಿ. ದಾಲ್ಚಿನ್ನಿ ಪುಡಿ ಮಾತ್ರ ಸುಮ್ನೆ ದಂಡ, ನೆಂದು ಅಂಟಂಟಾಗಿ ಅದ್ರ ಮೇಲೇ ಬೂಷ್ಟು ಬಂತು. ಬೂಷ್ಟು ಕೊಲ್ಲೋ ಕಾಪರ್ ಸ್ಪ್ರೇ ಹೊಡೀಲಿಲ್ಲ, ತಾಮ್ರ ಈ ಗಿಡಗಳಿಗೆ ಆಗ್ಬರಲ್ಲ.

ಗೊತ್ತೇ ಇಲ್ದಿದ್ದ ವಿಷ್ಯ ಅಂದ್ರೆ, ದೊಡ್ಡ ಹುಳ ಸಿಕ್ಕಿ ಟ್ರ್ಯಾಪ್ (ಹುಳ ಹಿಡಿಯೋ ಎಲೆ) ಬಾಯಿ ಪೂರ್ತಿ ಮುಚ್ಚದೇ ಇದ್ರೆ ಒಳಗೇ ಕೊಳೆತು ಬೂಷ್ಟು ಅಲ್ಲಿಂದ್ಲೂ ಶುರುವಾಗುತ್ತಂತೆ, ಟ್ರ್ಯಾಪ್‌ನ ಮೂರನೇ ಒಂದು ಭಾಗದಷ್ಟು ಹುಳ ಸಾಕು.