ಪ್ರಶ್ನೋತ್ತರ: ನಿಲ್ಸ್ ಫ್ರಾಮ್ ನಾದ, ಅಜ್ಜನ ಪಿಯಾನೊ, ಕಂಬಳಿ ಚೂರು

ಎಸ್ಟೇಟ್ ಮನೆ: ಮೇಷ್ಟ್ರೇ, ಜರ್ಮನಿಯ ಪಿಯಾನೊ ವಾದಕ ನಿಲ್ಸ್ ಫ್ರಾಮ್ ಅವರ ‘ಫೆಲ್ಟ್’ ಆಲ್ಬಂ ಕೇಳಿ ಹುಚ್ಚು ಹಿಡಿದಿದೆ. ಆ ಮೆತ್ತನೆ ನಾದ ಬರಲಿ ಅಂತ ಅಜ್ಜನ ಕಾಲದ ಅಪ್‌ರೈಟ್ (ತಂತಿ ನೆಟ್ಟಗೆ ನಿಂತಿರೋ) ಪಿಯಾನೊ ಒಳಗೆ ಕಂಬಳಿ ಚೂರು ತುರುಕಿದೆ. ಈಗ ತಂತಿ ಬಡಿಯೋ ನಾಲ್ಕು ಸುತ್ತಿಗೆ ವಾಪಸ್ ಬರುತ್ತಿಲ್ಲ.

ಪಿಯಾನೊ ಮೇಷ್ಟ್ರು: ಮೊದಲು ಆ ಕೀಗಳನ್ನು ಒತ್ತೋದು ನಿಲ್ಲಿಸಿ. ಕಂಬಳಿ ಹಿಡಿದು ಎಳೆಯಲೂ ಬೇಡಿ. ಹಳೇ ಸುತ್ತಿಗೆಯ ಕಡ್ಡಿ ಒಣಗಿರುತ್ತೆ, ಲಟಕ್ ಅಂತ ಮುರಿಯುತ್ತೆ. ಮುಂದಿನ ಹಲಗೆ ತೆಗೆದು, ಒಂದೊಂದೇ ಸುತ್ತಿಗೆಯನ್ನು ಬೆರಳಲ್ಲಿ ಹಿಂದಕ್ಕೆ ಹಿಡಿದು, ಬಟ್ಟೆಯನ್ನು ಮೇಲಿನಿಂದ ಬಿಡಿಸಿ. ಫ್ರಾಮ್ ಏನೂ ತುರುಕಲಿಲ್ಲ ಸ್ವಾಮಿ. ರಾತ್ರಿ ನುಡಿಸುವಾಗ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ತಂತಿಗಳ ಮುಂದೆ ಫೆಲ್ಟ್ ಅನ್ನೋ ಒತ್ತಿದ ಉಣ್ಣೆ ಬಟ್ಟೆ ಇಳಿಬಿಟ್ಟರು. ನಿಮ್ಮದಕ್ಕೆ ಮೂರು ಪೆಡಲ್ ಇದ್ದರೆ ನಡುವಿನದನ್ನು ಒತ್ತಿ ನೋಡಿ, ಎಷ್ಟೋ ಅಪ್‌ರೈಟ್‌ಗಳಲ್ಲಿ ಅದು ಇದೇ ಕೆಲಸ ಮಾಡುತ್ತೆ. ಆದರೆ ಬಟ್ಟೆಯಿಂದ ಬರೋದು ಅರ್ಧ ನಾದ, ಉಳಿದರ್ಧ ಮೈಕ್‌ನದು. ತಂತಿಗೆ ತಾಗುವಷ್ಟು ಹತ್ತಿರ ಇಟ್ಟಿದ್ದಕ್ಕೇ 2011ರ ಆ ಆಲ್ಬಂನಲ್ಲಿ ಸುತ್ತಿಗೆಯ ಟಕಟಕ, ಮರದ ಕಿರಕಿರ, ಅವರ ಉಸಿರು ಕೂಡ ಕೇಳುತ್ತೆ. ಆಮೇಲೆ ಡೇವಿಡ್ ಕ್ಲಾವಿನ್ಸ್ ಅವರು ಫ್ರಾಮ್‌ಗೆ ‘ಉನಾ ಕೊರ್ಡಾ’ ಅನ್ನೋ ಪಿಯಾನೊ ಕಟ್ಟಿಕೊಟ್ಟರು. ಮಾಮೂಲಿ ಪಿಯಾನೊದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ತಂತಿ, ಅದರಲ್ಲಿ ಒಂದೇ. ಕಂಬಳಿ ತೆಗೆದ ಮೇಲೆ ಫೋಟೊ ಹಾಕಿ, ನನಗೆ ಸಮಾಧಾನ ಇಲ್ಲ.

ರಾತ್ರಿ ಪಾಳಿ: 30 ಸಾವಿರದೊಳಗೆ ಕೀಬೋರ್ಡ್ ಯಾವುದು ಸರ್?

ಪಿಯಾನೊ ಮೇಷ್ಟ್ರು: 88 ಕೀ, ಒತ್ತಿದರೆ ಭಾರ ಅನ್ನಿಸೋದು. ಬ್ರ್ಯಾಂಡ್ ಹೇಳಲ್ಲ.

ಹಾರ್ಮೋನಿಯಂ ಪೆಟ್ಟಿಗೆ: ಫಾರ್ವರ್ಡ್ ಬಂದಿದೆ: ಅಂಟುವ ಕೀಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. 432 ಹರ್ಟ್ಸ್‌ಗೆ ಶ್ರುತಿ ಮಾಡಿಸಿದರೆ ನಿದ್ರೆ ಚೆನ್ನಾಗಿ ಬರುತ್ತೆ.

ಪಿಯಾನೊ ಮೇಷ್ಟ್ರು: ಎಣ್ಣೆ ಬಿಡಬೇಡಿ!! ಮಳೆಗಾಲದಲ್ಲಿ ಮರ, ಫೆಲ್ಟ್ ತೇವ ಹೀರಿ ಊದುತ್ತೆ, ಅದಕ್ಕೇ ಕೀ ಅಂಟೋದು. ಎಣ್ಣೆ ಬಿದ್ದರೆ ಫೆಲ್ಟ್ ಜಿಡ್ಡಾಗಿ ಧೂಳು ಹಿಡಿಯುತ್ತೆ. ಮಾಮೂಲಿ ಶ್ರುತಿಯಾದ 440 ಹರ್ಟ್ಸ್‌ನಿಂದ 432ಕ್ಕೆ ಇಳಿಸಿದರೆ ನಿದ್ರೆ ಬರೋದು ನನಗೆ, ನಿಮ್ಮಿಂದ ಎರಡು ಸಲ ದುಡ್ಡು ತಗೊಂಡು.

ಕರಿಬಿಳಿ: ಮಗಳ ಹೆಬ್ಬೆರಳು ಮುರಿದಿದೆ. ಫ್ರಾಮ್ ಒಂಬತ್ತು ಬೆರಳಲ್ಲಿ ನುಡಿಸಿದರಂತೆ, ಇವಳೂ ಅಭ್ಯಾಸ ಮಾಡಬಹುದಾ?

ಪಿಯಾನೊ ಮೇಷ್ಟ್ರು: ಬೇಡ. ಹೌದು, 2012ರಲ್ಲಿ ಅವರ ಹೆಬ್ಬೆರಳಿಗೆ ಸ್ಕ್ರೂ ಹಾಕಿದ್ದರು, ಪಿಯಾನೊ ಮುಟ್ಟಬೇಡಿ ಅಂತ ಡಾಕ್ಟರ್ ಹೇಳಿದ್ದರೂ ಒಂಬತ್ತು ಪೀಸ್ ರೆಕಾರ್ಡ್ ಮಾಡಿ ‘ಸ್ಕ್ರೂಸ್’ ಅಂತ ಪುಕ್ಕಟೆ ಹಂಚಿದರು. ಅದು ಅವರ ಹಠ. ನೀವು ಮೂಳೆ ಡಾಕ್ಟರನ್ನು ಕೇಳಿ.

ತಾಳಲಯ: ಮೂರು ಸ್ವರ ತಿರುಗಿಸಿ ತಿರುಗಿಸಿ ನುಡಿಸೋದಕ್ಕೆ ಇಷ್ಟೆಲ್ಲಾ ಗಲಾಟೆಯಾ?

ಕರಿಬಿಳಿ: ತಂಬೂರಿಯಲ್ಲಿ ಎಷ್ಟು ಸ್ವರ ಇದೆಯಪ್ಪಾ?

ತಾಳಲಯ: ತಂಬೂರಿ ಮೇಲೆ ಹಾಡೋರು ಇರ್ತಾರೆ ಮೇಡಂ. ಇಲ್ಲಿ ಹಾಡೋರೆಲ್ಲಿ?

ರಾತ್ರಿ ಪಾಳಿ: ಫ್ರಾಮ್ ಅವರ ‘ಸ್ಪೇಸಸ್’ ಆಲ್ಬಂ ಕೇಳಿ ಮಾತಾಡಿ. ಟಾಯ್ಲೆಟ್ ಬ್ರಷ್‌ನಿಂದ ತಂತಿ ಬಡಿದಿದ್ದಾರೆ.

ತಾಳಲಯ: ನಾನು ಹೇಳಿದ್ದೂ ಅದೇ, ಅದರ ಜಾಗ ಬಚ್ಚಲಲ್ಲಿ.

ಕರಿಬಿಳಿ: ಕೇಳದೆ ಬೈಯೋ ಚಟ ಬಿಡಿ ಮೊದಲು.

ಹೊಸಬ: ಮೂವತ್ತೈದು ದಾಟಿದೆ, ಈಗ ಕಲಿಯಬಹುದಾ?

ಹಾರ್ಮೋನಿಯಂ ಪೆಟ್ಟಿಗೆ: ಕೊಬ್ಬರಿ ಎಣ್ಣೆ ಬೇಡ ಅಂದ್ರೆ ಎಳ್ಳೆಣ್ಣೆ?

ಪಿಯಾನೊ ಮೇಷ್ಟ್ರು: ಯಾವ ಎಣ್ಣೆಯೂ ಬೇಡ ಅಂದೆ. ಕನ್ನಡದಲ್ಲೇ ಬರೆದಿದ್ದೇನೆ ತಾನೇ?

ಎಸ್ಟೇಟ್ ಮನೆ: ಮೇಷ್ಟ್ರೇ, ಮೂರು ಸುತ್ತಿಗೆ ಸರಿಹೋಯ್ತು. ನಾಲ್ಕನೇದರ ತಪ್ಪು ಕಂಬಳಿಯದಲ್ಲ. ಬುಡದಲ್ಲಿ ಇಲಿ ಗೂಡು ಇದೆ, ಮರಿಗಳೂ ಇವೆ.

ಪಿಯಾನೊ ಮೇಷ್ಟ್ರು: ಏನೂ ಮುಟ್ಟಬೇಡಿ. ಇಲಿ ಪಾಷಾಣ ಒಳಗೆ ಇಡಬೇಡಿ. ಫೋಟೊ.

ರಾತ್ರಿ ಪಾಳಿ: ಸರ್, 61 ಕೀ ಆದರೆ ನಡೆಯುತ್ತಾ?